ಕಣದ ಮೇಲೆ ಗಾಲಿ

ಸಿಂದಗಿ ಬಸ್ ಸ್ಟ್ಯಾಂಡಿನ ಹಿಂದೆ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿರುವ ಯಲ್ಲಾಲಿಂಗನಿಗೆ ಗೊತ್ತಿಲ್ಲದ ದಾರಿ ಈ ಭೂಮಿಯ ಮೇಲೆ ಒಂದೇ ಒಂದಿತ್ತು, ಸುಮ್ಮನಿರುವ ದಾರಿ. ಒಂದು ಮಾತನ್ನು ಏಳು ಸಲ ತಿರುಗಿ ಹೇಳುವಷ್ಟರಲ್ಲಿ ಗೋಳಗುಮ್ಮಟಕ್ಕೇ ದಣಿವಾಗುತ್ತದೆ. ಇವನು ಎಪ್ಪತ್ತು ಸಲ ಹೇಳಿ ಆಮೇಲೆ ಚಹಾ ತರಿಸುತ್ತಿದ್ದ. ಇಂಡಿಯಿಂದ ಮುದ್ದೇಬಿಹಾಳದ ತನಕ ಇರುವ ಚಕ್ಕಡಿ ದಾರಿಗಳನ್ನೆಲ್ಲ ಹಿರಿಯರು ತನ್ನ ಅಂಗೈಯ ಗೆರೆ ನೋಡಿಯೇ ಹಾಕಿದ್ದು ಎನ್ನುತ್ತಿದ್ದ. ಕಣ್ಣು ಕಟ್ಟಿ ಬಿಟ್ಟರೆ ಮಣ್ಣು ಮೂಸಿ ಊರಿನ ಹೆಸರು ಹೇಳುತ್ತೇನೆ, ಇನ್ನೊಮ್ಮೆ ಮೂಸಿದರೆ ಗೌಡರ ಹೆಸರನ್ನೂ ಹೇಳುತ್ತೇನೆ ಎನ್ನುತ್ತಿದ್ದ. ಅಂಥವನು ಕಳೆದ ಫೆಬ್ರವರಿಯಿಂದ ಅಂಗಡಿಯಲ್ಲಿ ತಲೆ ತಗ್ಗಿಸಿ ಬೇರಿಂಗಿಗೆ ಗ್ರೀಸು ಹಚ್ಚುತ್ತ ಕೂತಿರುತ್ತಾನೆ. ಆ ನಾಚಿಕೆಯನ್ನು ತೂಗಲು ಹೋದರೆ ಮಾರ್ಕೆಟ್ಟಿನಲ್ಲಿ ತೊಗರಿ ಲಾರಿ ತೂಗುವ ಕಾಟಾ ಕೂಡ ನೆಲಕ್ಕೆ ಕೂರುತ್ತದೆ.

ಆದದ್ದು ಹೀಗೆ.

ಜೀಪಿನ ಹುಚ್ಚಿದ್ದ ಗೆಳೆಯರು ಮೂವರು. ಯಲ್ಲಾಲಿಂಗ ಒಬ್ಬ. ಅವನ ಜೊತೆ ಒಂದೇ ಮಣೆಯ ಮೇಲೆ ಕೂತು ಸಾಲಿ ಕಲಿತ, ಈಗ ಬೋರವೆಲ್ ಮೋಟರು ರಿಪೇರಿ ಮಾಡುವ ಫಿರೋಜ ಇನ್ನೊಬ್ಬ. ಮೂರನೆಯವರು ಇಂಡಿ ಊರಿನ ಹಲ್ಲಿನ ಡಾಕ್ಟರು ಅರುಣಕುಮಾರ. ವರ್ಷಕ್ಕೊಮ್ಮೆ, ಒಂದು ರವಿವಾರ, ಮೂವರೂ ಡಾಂಬರು ಬಿಟ್ಟು ಕೆಳಗಿಳಿಯುತ್ತಿದ್ದರು. ದಾರಿ ಆರಿಸುವ ಪಾಳಿ ವರ್ಷಕ್ಕೊಬ್ಬರದು. ಯಾರ ಪಾಳಿಯೋ ಅವರ ಗಾಡಿ ಮುಂದೆ. ಹೋದ ವರ್ಷ ಫಿರೋಜ ಆರಿಸಿದ್ದು ಭೀಮೆಯ ದಂಡೆಯ ದಾರಿ. ಡಾಕ್ಟರು ಅದನ್ನು ಹೊಗಳಿದ್ದೇ ಹೊಗಳಿದ್ದು. ರೋಗಿಯ ಬಾಯಲ್ಲಿ ಇಕ್ಕಳ ಇಟ್ಟುಕೊಂಡೇ, "ಫಿರೋಜಣ್ಣನ ದಾರಿ ಅಂದ್ರ ದಾರಿ ನೋಡ್ರಿ" ಎನ್ನುತ್ತಿದ್ದರಂತೆ. ಹಲ್ಲು ಕಿತ್ತದ್ದೂ ರೋಗಿಗೆ ತಿಳಿಯುತ್ತಿರಲಿಲ್ಲವಂತೆ. ಈ ಹೊಗಳಿಕೆ ಯಲ್ಲಾಲಿಂಗನ ಹೊಟ್ಟೆಯಲ್ಲಿ ಹನ್ನೆರಡು ತಿಂಗಳು ಹಸಿಮೆಣಸಿನಕಾಯಿ ಅರೆಯಿತು. ಈ ವರ್ಷ ತನ್ನ ಪಾಳಿ. ಭೀಮೆಯ ಹೆಸರನ್ನು ಡಾಕ್ಟರು ಮರೆಯಬೇಕು, ಇನ್ನು ಮೇಲೆ ಪಾಳಿಯೇ ಬೇಡ, ಪ್ರತಿವರ್ಷ ನೀವೇ ಮುಂದೆ ನಡೆಯಿರಿ ಎಂದು ಕೈ ಮುಗಿಯಬೇಕು. ಅವನಿಗೆ ಬೇಕಿದ್ದದ್ದು ಅಷ್ಟೇ.

ಅದಕ್ಕಾಗಿ ಅವನು ಹನ್ನೊಂದು ದಿನ ಅಂಗಡಿಯ ಶಟರು ಅರ್ಧ ಇಳಿಸಿ ಮೊಬೈಲಿನಲ್ಲಿ ಉಪಗ್ರಹದ ಚಿತ್ರ ಜಾಲಾಡಿದ. ಗಿರಾಕಿಗಳು ಬಗ್ಗಿ ನೋಡಿ ಹೋದರು. ಹನ್ನೆರಡನೆಯ ದಿನ ಸಿಕ್ಕಿತು: ತಾಳಿಕೋಟೆಯಿಂದ ಆಚೆ, ಬಸವನ ಬಾಗೇವಾಡಿಯ ದಿಕ್ಕಿಗೆ, ಡೋಣಿ ಹೊಳೆಯ ಸೀಮೆಯ ಕರಿ ಬಯಲಿನಲ್ಲಿ ಕೂದಲೆಳೆಯಂಥ ಒಂದು ಗೆರೆ. ಸುತ್ತ ಮರವಿಲ್ಲ, ಮನೆಯಿಲ್ಲ. ಗೆರೆಯ ತುದಿಗೆ, ಕರಿಯ ಕಂಬಳಿಯ ಮೇಲೆ ರೊಟ್ಟಿ ಇಟ್ಟ ಹಾಗೆ, ಒಂದು ಬೆಳ್ಳನೆಯ ದುಂಡು ಜಾಗ.

"ಅದು ಬಾದಶಾಹನ ಕುದುರಿ ತಿರುಗಿಸ್ತಿದ್ದ ಮೈದಾನ್ರೀ ಡಾಕ್ಟರ" ಎಂದು ಆ ಸಂಜೆಯೇ ಫೋನು ಹಚ್ಚಿದ. "ಏಳುನೂರು ಕುದುರಿ. ಗೊರಸು ಬಡದು ಬಡದು ನೆಲ ಕಲ್ಲಾಗೇತಿ. ನಾನೂರು ವರ್ಷ ಆತು, ಒಂದ್ ಹುಲ್ಲಿನ ಎಸಳ ಹುಟ್ಟಿಲ್ಲ."

"ನಿಮಗ ಹ್ಯಾಂಗ ಗೊತ್ತಾತ್ರೀ?"

"ನಮ್ಮ ಮುತ್ಯಾ ಅಲ್ಲೇ ಲಾಳ ಆರಿಸ್ಯಾನ್ರೀ, ಬುಟ್ಟಿಗಟ್ಲೆ!"

ಸುಳ್ಳು ಹುಟ್ಟಿದ್ದು ಹೀಗೆ. ಆಮೇಲೆ ಅದು ತಾನೇ ಮೇಯ್ದು ಬೆಳೆಯಿತು. ಮುಂದಿನ ವಾರ ಕುದುರೆ ಸಾವಿರವಾದವು, ಅದರ ಮುಂದಿನ ವಾರ ಮೂರು ಸಾವಿರ. ರವಿವಾರ ಹತ್ತಿರ ಬಂದಾಗ ಎರಡು ಆನೆಗಳೂ ಬಂದು ನಿಂತಿದ್ದವು. ಆ ಮೈದಾನದಲ್ಲಿ ಜೀಪು ಏಳು ಸುತ್ತು ಹೊಡೆದವನ ಗಾಡಿಗೆ ಜೀವಮಾನದಲ್ಲಿ ಪಂಕ್ಚರ್ ಇಲ್ಲವೆಂಬ ಪ್ರತೀತಿಯೂ ಸೇರಿತು.

"ಹೋಗಿ ನೋಡಿ ಬಂದೀಯೇನಲೇ?" ಎಂದು ಫಿರೋಜ ಒಂದೇ ಪ್ರಶ್ನೆ ಕೇಳಿದ್ದ.

"ನಾ ಹೋಗಿ ನೋಡೂದೇನೈತಿ? ಆ ದಾರಿನ ಬಂದು ನನ್ನ ನೋಡಿ ಹೋಗ್ತೈತಿ."

ರವಿವಾರ ಬೆಳಿಗ್ಗೆ ಮೂರು ಜೀಪು ಡಾಂಬರಿನಿಂದ ಇಳಿದವು. ಮುಂದೆ ಯಲ್ಲಾಲಿಂಗ, ಪಕ್ಕದಲ್ಲಿ ಮಡಿಲ ತುಂಬ ರೊಟ್ಟಿಗಂಟು ಇಟ್ಟುಕೊಂಡ ಹೆಂಡತಿ ಸುಜಾತಾ. ನಡುವೆ ಡಾಕ್ಟರ ಹೊಚ್ಚಹೊಸ ಗಾಡಿ. ಕೊನೆಗೆ ಫಿರೋಜ, ಇಂಜಿನ್ನಿಗಿಂತ ಬಾಗಿಲುಗಳೇ ಹೆಚ್ಚು ಸದ್ದು ಮಾಡುವ ತನ್ನ ಹಳೆಯ ಜೀಪಿನಲ್ಲಿ.

ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅನ್ನುತ್ತಾರೆ. ಆದರೆ ಕಟಾವಾದ ಮೇಲೆ ಅದೇ ಬಯಲನ್ನು ನೋಡಿದರೆ ಎದೆ ಒಣಗುತ್ತದೆ. ಕಣ್ಣು ಎಷ್ಟು ದೂರ ಓಡಿದರೂ ಕೂರಲು ಒಂದು ಗಿಡವಿಲ್ಲ. ಎರೆಮಣ್ಣಿನ ಬಿರುಕುಗಳು ಎಷ್ಟು ಆಳವೆಂದರೆ, ಬಿದ್ದ ಕುಡುಗೋಲು ಪಾತಾಳದಲ್ಲಿ ಯಾರದೋ ಹೊಲ ಕೊಯ್ದು ಬರಬೇಕು. ಗಾಳಿಗೂ ಒರಗಲು ಗೋಡೆ ಸಿಗದೆ ಗಾಡಿಗಳ ಸುತ್ತಲೇ ಸುತ್ತುತ್ತಿತ್ತು. ಡಾಕ್ಟರು ಕಿಟಕಿಯಿಂದ ತಲೆ ಹಾಕಿ, "ರಾಜಸ್ಥಾನಕ್ಕ ಯಾಕ ಹೋಗಬೇಕ್ರೀ ಯಲ್ಲಾಲಿಂಗಣ್ಣ! ಇಲ್ಲೇ ಐತಲ್ರೀ, ಕರಿ ಮರುಭೂಮಿ!" ಎಂದು ಕೂಗಿದಾಗ ಯಲ್ಲಾಲಿಂಗನ ಎದೆ ಎಷ್ಟು ಉಬ್ಬಿತೆಂದರೆ ಸ್ಟೇರಿಂಗಿಗೆ ತಾಗಿ ಹಾರನ್ನು ಹೊಡೆಯಿತು.

ಹತ್ತು ಗಂಟೆಯ ಸುಮಾರಿಗೆ ಆ ದುಂಡು ಜಾಗ ಎದುರಾಯಿತು.

ಯಲ್ಲಾಲಿಂಗ ಬ್ರೇಕು ಒತ್ತಿದ. ನೆಲ ಕನ್ನಡಿಯಂತೆ ಸಪಾಟು. ಮೇಲೆ ಸೆಗಣಿ ಬಳಿದ ಹಸಿರು ಮಿಶ್ರಿತ ಬೂದು ಬಣ್ಣ, ಇನ್ನೂ ಅಲ್ಲಲ್ಲಿ ಹಸಿ. ಕೈ ಆಡಿಸಿದ ಗುರುತುಗಳು ಕಮಾನು ಕಮಾನಾಗಿ ಎದ್ದು ಕಾಣುತ್ತಿದ್ದವು. ನಡುವೆ ಒಂದು ಗುಣಿ. ಆಚೆ ಅಂಚಿನಲ್ಲಿ ತಾಡಪತ್ರಿ ಹೊದ್ದು ಮಲಗಿದ ಜೋಳದ ತೆನೆಯ ಗುಡ್ಡೆ, ಪಕ್ಕದಲ್ಲಿ ಉರುಳಿಸುವ ಕಲ್ಲು. ಅವನ ತಲೆ ಇನ್ನೂ ಕುದುರೆಗಳನ್ನು ಹುಡುಕುತ್ತಿತ್ತು; ಅಂಗಾಲಿಗೆ ಮಾತ್ರ ಆಗಲೇ ಗೊತ್ತಾಗಿತ್ತು. ಬೂಟಿನೊಳಗೆ ಹತ್ತೂ ಬೆರಳು ತಾವಾಗಿಯೇ ಮುದುಡಿಕೊಂಡವು. ಇದು ಕಣ. ತೆನೆ ತುಳಿಸಿ ರಾಶಿ ಮಾಡುವ ಕಣ. ಅಪ್ಪನ ಹೊಲದಲ್ಲಿ ಇಂಥದ್ದರ ಅಂಚಿಗೆ ಬಂದರೆ ಚಪ್ಪಲಿ ತಾನೇ ಕಾಲಿನಿಂದ ಇಳಿಯುತ್ತಿತ್ತು.

"ಅಲ್ರೀ" ಎಂದಳು ಸುಜಾತಾ, ಮೆಲ್ಲಗೆ. "ಇದು ಕಣ ಐತಲ್ರೀ."

ಹಿಂದಿನಿಂದ ಫಿರೋಜ ಮೂರು ಸಲ ಉದ್ದಕ್ಕೆ ಹಾರನ್ ಹೊಡೆದ.

ಆದರೆ ನಡುವಿನ ಗಾಡಿಯಿಂದ ಡಾಕ್ಟರು ಆಗಲೇ ಮೊಬೈಲು ಎತ್ತಿ ವಿಡಿಯೋ ಹಿಡಿದಿದ್ದರು. ಪಾಪ, ಅವರು ಹುಟ್ಟಿದ್ದೇ ಇಂಡಿ ಪೇಟೆಯ ನಟ್ಟನಡುವೆ. ಜೋಳ ಅವರ ಮನೆಗೆ ಹಿಟ್ಟಾಗಿಯೇ ಬರುತ್ತಿತ್ತು. "ಇದ ಏನ್ರೀ ಬಾದಶಾಹನ ಮೈದಾನ? ಏನ್ ನೆಲರೀ ಇದು! ಹೊಡೀರಿ ಸುತ್ತ!"

ಗಾಡಿ ಹಿಂದೆ ತೆಗೆದಿದ್ದರೆ ಮುಗಿಯುತ್ತಿತ್ತು. 'ಇದು ಮೈದಾನ ಅಲ್ರೀ ಡಾಕ್ಟರ, ನಾ ತಪ್ಪಿದೆ' ಅನ್ನಬೇಕಿತ್ತು, ಅಷ್ಟೇ. ಆದರೆ ಮೂರು ಸಾವಿರ ಕುದುರೆ, ಎರಡು ಆನೆ, ಲಾಳ ಆರಿಸಿದ ಮುತ್ಯಾ, ಎಲ್ಲರೂ ಹಿಂದಿನ ಸೀಟಿನಲ್ಲಿ ಒತ್ತರಿಸಿ ಕೂತು ಅವನ ಬೆನ್ನು ತಿವಿಯುತ್ತಿದ್ದರು.

"ಸುಮ್ನ ಕೂಡ" ಎಂದು ಹೆಂಡತಿಗೆ ಗದರಿಸಿ ಯಲ್ಲಾಲಿಂಗ ಕ್ಲಚ್ಚು ಬಿಟ್ಟ.

ಏಳು ಸುತ್ತು ಹೊಡೆದ. ಡಾಕ್ಟರೂ ಹಿಂದೆಯೇ ಹೊಡೆದರು. ಮೊದಲ ಸುತ್ತಿಗೆ ಮೇಲಿನ ಸೆಗಣಿ ಹಪ್ಪಳದಂತೆ ಎದ್ದಿತು. ಮೂರನೆಯದಕ್ಕೆ ಕೆಳಗಿನ ಹಸಿ ಮಣ್ಣು ಗಾಲಿಗೆ ಮೆತ್ತಿತು. ಏಳನೆಯದು ಮುಗಿದಾಗ ಆ ಕನ್ನಡಿಯಂಥ ನೆಲ ಎಮ್ಮೆ ಹೊರಳಿದ ಕೆರೆಯಂಗಳವಾಗಿತ್ತು. ಫಿರೋಜನ ಜೀಪು ಮಾತ್ರ ಅಂಚಿಗೇ ನಿಂತಿತ್ತು. ಅವನು ಕೆಳಗಿಳಿದು, ಬಾನೆಟ್ಟಿಗೆ ಒರಗಿ, ಬೂಟು ಬಿಚ್ಚುತ್ತಿದ್ದ.

ಆಗ ಬಯಲಿನ ಆ ತುದಿಯಿಂದ ಒಬ್ಬ ಮುದುಕಿ ಬಂದಳು. ತಲೆಯ ಮೇಲೆ ಸೆಗಣಿ ಬುಟ್ಟಿ. ಅವಳು ಓಡಲಿಲ್ಲ, ಕೂಗಲಿಲ್ಲ. ಎರಡನೇ ಸಲ ಸಾರಿಸಲೆಂದು ಊರು ತಿರುಗಿ ಕೂಡಿಸಿ ತಂದ ಸೆಗಣಿ ಅದು, ಒಂದು ಹಿಡಿಯೂ ಚೆಲ್ಲಬಾರದಲ್ಲ. ಬಂದವಳು ಬುಟ್ಟಿ ಇಳಿಸಿ, ಸೆರಗು ಬಿಗಿದು, ಕಣವನ್ನು ಒಂದು ಸುತ್ತು ನೋಡಿದಳು. ಆಮೇಲೆ ಇವರನ್ನು ನೋಡಿದಳು.

"ನಾಳಿ ಮುಂಜಾನೆ ರಾಶಿ ಐತಿ" ಎಂದಳು. "ಬೀಜದ ಜೋಳ. ಮಷಿನ್‌ಗೆ ಹಾಕಿದ್ರ ಕಾಳು ಒಡದು ಮೊಳಕಿ ಬರಂಗಿಲ್ಲಂತ ಹದಿನೈದು ಮನಿಯವ್ರು ಈ ಶೇವಂತೆವ್ವನ ಕಣದಿಂದ ಬೀಜ ಒಯ್ತಾರ. ನಾಕ ದಿನ ಎತ್ತು ಹೂಡಿ ತುಳಿಸೇನಿ. ಮುಂದಿನ ಗಾಡಿ ಯಾರದ?"

ಯಲ್ಲಾಲಿಂಗನ ನಾಲಿಗೆ ಅವನಿಗಿಂತ ಮೊದಲೇ ಓಡಿತು. ಇಡೀ ಆಯುಷ್ಯದಲ್ಲಿ ಅದು ಅಷ್ಟು ಜೋರಾಗಿ ಓಡಿರಲಿಲ್ಲ.

"ನಮಗೇನ ಗೊತ್ತಬೇ, ನಾವು ಹೊಸಬ್ರು. ಈ ದಾರಿ ಆರಿಸಿದಂವ ಅಂವ" ಎಂದು ಫಿರೋಜನ ಕಡೆ ಬೆರಳು ಮಾಡಿದ. "ಅಂವ ಹೇಳಿದ, ನಾವು ಹೊಡದ್ವಿ."

ಡಾಕ್ಟರು ಬಾಯಿ ತೆರೆದರು. ಫಿರೋಜ ಅವರನ್ನು ಒಮ್ಮೆ ನೋಡಿದ, ಬಾಯಿ ಮುಚ್ಚಿತು. ಸುಜಾತಾ ರೊಟ್ಟಿಗಂಟಿನ ಮೇಲೆ ತಲೆ ಬಗ್ಗಿಸಿದಳು. ಫಿರೋಜ ಬರಿಗಾಲಲ್ಲಿ ಎರಡು ಹೆಜ್ಜೆ ಮುಂದೆ ಬಂದು, "ಹೌದಬೇ ಯವ್ವಾ, ತಪ್ಪಾಗೇತಿ. ಸರಿ ಮಾಡಿ ಹೋಗ್ತೇವಿ" ಎಂದ. ಯಲ್ಲಾಲಿಂಗನ ಕಡೆ ತಿರುಗಿ ನೋಡಲೂ ಇಲ್ಲ.

ಆಮೇಲೆ ಶೇವಂತೆವ್ವ ಬೈದಳು ನೋಡಿ! ಆ ಬೈಗುಳಕ್ಕೆ ಡೋಣಿ ಹೊಳೆ ಒಂದು ಗೇಣು ಹಿಂದಕ್ಕೆ ಸರಿಯಿತು. "ಕಣ್ಣು ಮುಕಳ್ಯಾಗ ಇಟ್ಟೀಯೇನು? ಅನ್ನ ಉಣ್ತಿಯೋ, ಆಯಿಲ್ ಕುಡೀತಿಯೋ? ಯಾರ ಮಗಾ ನೀ?"

"ದಾವಲಮಲಿಕನ ಮಗಾ ಅದೀನಬೇ. ಸಿಂದಗಿಯಾಂವ."

"ನಿಮ್ಮಪ್ಪ ಕಣ ಅಂದ್ರೇನಂತ ಹೇಳಿಕೊಟ್ಟಿಲ್ಲೇನೋ? ಬರೇ ಹುಟ್ಟಿಸಿ ಬಿಟ್ಟಾನೇನು?"

ಫಿರೋಜ ತಲೆ ಬಗ್ಗಿಸಿ ನಿಂತ. ಬಿಸಿಲಿಗೆ ಕಾದ ಕಬ್ಬಿಣದ ಸರಳು ನೆತ್ತಿಯಿಂದ ಹೊಕ್ಕು ಹಿಮ್ಮಡಿಯಲ್ಲಿ ಬಂದದ್ದು ಯಲ್ಲಾಲಿಂಗನಿಗೆ. ಯಾಕೆಂದರೆ ಫಿರೋಜನ ಅಪ್ಪ ದಾವಲಮಲಿಕ ಕಾಕಾ ಯಲ್ಲಾಲಿಂಗನ ಮನೆಯ ಹೊಲಕ್ಕೆ ಪ್ರತಿ ಸುಗ್ಗಿಗೂ ಕಾಳು ತೂರಲು ಬರುತ್ತಿದ್ದವನು. ಆರೇಳು ವರ್ಷದ ಯಲ್ಲಾಲಿಂಗ ಚಪ್ಪಲಿ ಹಾಕಿಕೊಂಡು ಕಣಕ್ಕೆ ನುಗ್ಗಿದಾಗ ಅವನನ್ನು ಎರಡೂ ರಟ್ಟೆ ಹಿಡಿದು ಎತ್ತಿ, ಅಂಚಿನ ಆಚೆ ಇಳಿಸಿ, ಚಪ್ಪಲಿ ಬಿಚ್ಚಿ, 'ಇಲ್ಲಿ ಅನ್ನ ಮಲಗತೈತಪಾ, ಅದರ ಮಾರಿ ಮ್ಯಾಲ ಕಾಲಿಡಬಾರದು' ಎಂದವನು ಆ ಕಾಕಾ. ಅವನು ಸತ್ತು ಆರು ವರ್ಷವಾಗಿತ್ತು. ಈಗ ಅವನನ್ನು ಬೈಸಿದ್ದು ಯಾರು?

ನಿಜ ಹೇಳಿಬಿಡೋಣವೆಂದು ಯಲ್ಲಾಲಿಂಗ ಬಾಯಿ ತೆರೆದ. ಊರೂರು ಕೇಳಿಸುವ ಆ ಬಾಯಿಂದ ಸೊಳ್ಳೆಯ ಸದ್ದೂ ಬರಲಿಲ್ಲ.

ಶೇವಂತೆವ್ವ ಅವನ ನರೆತ ಮೀಸೆ ನೋಡಿದಳು, ಇಸ್ತ್ರಿಯ ಅಂಗಿ ನೋಡಿದಳು. ಅವನ ತಪ್ಪಿನ ನಾಚಿಕೆಯನ್ನು ಹಿರಿಯರ ಸಂಕೋಚವೆಂದು ತಿಳಿದಳೋ ಏನೋ. "ನೀವು ಹಿರ್ಯಾರು ಇದ್ದೀರಿ, ನೀವೇನ ಮಾಡ್ತೀರಿ ಪಾಪ. ಆ ತೆನಿ ಗುಡ್ಡಿ ನೆಳ್ಳಾಗ ಕೂಡ್ರಿ. ಗಡಿಗ್ಯಾಗ ಮಜ್ಜಿಗಿ ಐತಿ, ಕುಡೀರಿ. ಈ ಕತ್ತೆಗೆ ನಾ ಬುದ್ಧಿ ಕಲಿಸ್ತೇನಿ" ಎಂದಳು.

ಹೀಗೆ ಯಲ್ಲಾಲಿಂಗ ನೆರಳಲ್ಲಿ ಕೂತ. ಅವನ ಮುಂದೆ ಕೆಲಸ ನಡೆಯಿತು. ಫಿರೋಜ ಜೀಪಿನಲ್ಲಿ ಡ್ರಮ್ಮು ಹೇರಿಕೊಂಡು ಊರಿನಿಂದ ಮೂರು ಸಲ ನೀರು ತಂದ. ಎದ್ದ ಹೆಂಟೆಗಳನ್ನು ಒಡೆದು, ನೀರು ಹೊಡೆದು, ಮೇಲೆ ಹೊಟ್ಟು ಚೆಲ್ಲಿ, ಸುತ್ತು ಸುತ್ತು ತುಳಿದ. ಡಾಕ್ಟರು ಪ್ಯಾಂಟು ಮೊಳಕಾಲಿಗೆ ಮಡಚಿ, ಹಲ್ಲು ಕಚ್ಚಿ, ಎಂಟು ಊರಿನ ಹೋರಿಗಳು ಸೇರಿ ತುಳಿದಷ್ಟು ತುಳಿದರು. ಸುಜಾತಾ ಸೀರೆ ಕಚ್ಚೆ ಹಾಕಿ ಮುದುಕಿಯ ಪಕ್ಕ ಕೂತು ಸೆಗಣಿ ಬಳಿದಳು. ಒಮ್ಮೆ ಗಂಡನ ಕಡೆ ನೋಡಿದಳು. ಆ ನೋಟವನ್ನು ನೆನೆದರೆ ಇವತ್ತಿಗೂ ಅವನಿಗೆ ಉಂಡದ್ದು ಇಳಿಯುವುದಿಲ್ಲ. ಯಾರೂ ಅವನನ್ನು ಕರೆಯಲಿಲ್ಲ. ಮಜ್ಜಿಗೆಯ ಲೋಟ ಕೈಯಲ್ಲೇ ಬಿಸಿಯಾಯಿತು. ಕುಡಿದರೆ ಗಂಟಲಲ್ಲಿ ಮೊಸರಾಗಿ ತಿರುಗಿ ಬರುತ್ತದೆಂಬ ಭಯ. ಇಟ್ಟರೆ ಮುದುಕಿ ಕೇಳುತ್ತಾಳೆಂಬ ಭಯ. ಅಂಥ ಸುಡುವ ನೆರಳನ್ನು ಭೂಮಿ ಹುಟ್ಟಿದಾಗಿನಿಂದ ಯಾವ ಗಂಡಸೂ ಕಂಡಿಲ್ಲ.

ಮೂರು ಗಂಟೆಗೆ ಮುಕ್ಕಾಲು ಕಣ ಮತ್ತೆ ಸಪಾಟಾಗಿತ್ತು. ಫಿರೋಜನ ಅಂಗಾಲು ಹೊಟ್ಟಿನ ಚೂರು ಚುಚ್ಚಿ ಸೀಳಿದ್ದವು, ಹೇಳಲಿಲ್ಲ, ಕುಂಟಿದ. ಶೇವಂತೆವ್ವ ಸೊಂಟ ಹಿಡಿದುಕೊಂಡು ಎದ್ದು, ಗುಡ್ಡೆಯ ಹಿಂದಿನಿಂದ ಒಂದು ಗೂಟದಂಥ ಕಂಬ ತಂದಳು. ಕಣದ ನಡುವಿನ ಗುಣಿಯಲ್ಲಿ ನಿಲ್ಲಿಸುವ ಮೇಟಿ. ಎತ್ತುಗಳು ಸುತ್ತುವುದು ಇದರ ಸುತ್ತ. ಅದನ್ನು ತಂದು ಅವಳು ಯಲ್ಲಾಲಿಂಗನ ಮುಂದೆ ಹಿಡಿದಳು.

"ಬರ್ರಿ. ಕಣ ಕೆಟ್ಟಿತ್ತು, ಇನ್ನ ಸ್ವಚ್ಛ ಕೈಲೆ ಮೇಟಿ ನಿಂದರಬೇಕು. ಅಂವ ದಾರಿ ತಪ್ಪಿಸಿದಂವ. ನೀವು ಖರೇ ಹೇಳಿದಾವ್ರು. ನಿಮ್ಮ ಕೈಲೆ ಆಗಲಿ."

ಯಲ್ಲಾಲಿಂಗ ಎದ್ದ. ಮೇಟಿಯ ತೂಕ ಹೆಚ್ಚೆಂದರೆ ಹತ್ತು ಕಿಲೋ. ಅವನ ಕೈಗೆ ಅದು ಶಿವನ ಬೆಟ್ಟವಾಯಿತು. ಬೂಟು ಬಿಚ್ಚಲು ಬಗ್ಗಿದವನಿಗೆ ಲೇಸಿನ ಗಂಟೇ ಕಾಣಲಿಲ್ಲ, ಕಣ್ಣು ಮಂಜಾಗಿತ್ತು. ದೇವರಿಗೆ ಅವನು ಅಷ್ಟೇನೂ ಹೆದರಿದವನಲ್ಲ. ಆದರೆ ಹದಿನೈದು ಮನೆಯ ಬೀಜ. ಯಾರ ಮನೆಯಲ್ಲೋ ಮುಂದಿನ ವರ್ಷ ಮೊಳಕೆ ಬಾರದೆ ಹೋದರೆ, ಯಾಕೆಂದು ಲೋಕದಲ್ಲಿ ಒಬ್ಬನಿಗೆ ಮಾತ್ರ ಗೊತ್ತಿರುತ್ತದೆ.

"ನನ್ನ ಕೈ ಬ್ಯಾಡಬೇ" ಎಂದ.

"ಯಾಕ?"

"ಮುಂದಿನ ಗಾಡಿ ನಂದು."

ತುಳಿಯುತ್ತಿದ್ದ ಕಾಲುಗಳು ನಿಂತವು.

"ದಾರಿನೂ ನಂದು. ಅಂವ ಗಾಲಿ ಹಾಯಿಸೇ ಇಲ್ಲ, ಹಾರನ್ ಹೊಡದು ಬ್ಯಾಡಂದ. ನನ್ನ ಹೆಂಡ್ತಿನೂ ಬ್ಯಾಡಂದ್ಲು." ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಒಳಗೆ ಇನ್ನೊಂದಿತ್ತು, ಅದು ಹಲ್ಲಿನಂತೆ ಬೇರು ಸಮೇತ ಬರಬೇಕಾಗಿತ್ತು. "ಕಣ ಅಂತನೂ ಗೊತ್ತಿತ್ತಬೇ. ನೋಡಿದ ಕೂಡ್ಲೇ ಗೊತ್ತಾಗಿತ್ತು. ಗೊತ್ತಿದ್ದೇ ಹೊಡದೆ."

ಶೇವಂತೆವ್ವ ಅವನನ್ನು ಎಷ್ಟು ಹೊತ್ತು ನೋಡಿದಳೆಂದರೆ ಆ ಹೊತ್ತಿನಲ್ಲಿ ಒಂದು ಜೋಳದ ಬೆಳೆ ಬಿತ್ತಿ ಕೊಯ್ಯಬಹುದಿತ್ತು. ಬೈಯುತ್ತಾಳೆಂದು ಅವನು ಕಾದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಅವಳು ಅವನಿಗಾಗಿ ಒಂದು ಬೈಗುಳವನ್ನೂ ಖರ್ಚು ಮಾಡಲಿಲ್ಲ. ಅವನ ಕೈಯಿಂದ ಮೇಟಿ ಕಿತ್ತುಕೊಂಡು, ನಡೆದು ಹೋಗಿ ಫಿರೋಜನ ಕೈಗೆ ಕೊಟ್ಟಳು.

"ನಿಮ್ಮಪ್ಪಗ ಅಂದದ್ದು ನಾ ತಿರುಗಿ ತಗೊಂಡೇನಿ, ತಮ್ಮಾ" ಎಂದಳು. "ಯಾಕ ಸುಮ್ನ ನಿಂತಿ?"

"ಗೆಳ್ಯಾ ಅದಾನಬೇ" ಎಂದ ಫಿರೋಜ.

ಅವನು ಮೇಟಿ ನಿಲ್ಲಿಸಿದ. ಶೇವಂತೆವ್ವ ಬುಡಕ್ಕೆ ಮಣ್ಣು ಬಡಿದಳು. ಉಳಿದ ಕಾಲುಭಾಗದ ಕಣವನ್ನು ಯಲ್ಲಾಲಿಂಗ ಒಬ್ಬನೇ ತುಳಿದ. ಯಾರೂ ಜೊತೆಗೆ ಇಳಿಯಲಿಲ್ಲ. ಮುದುಕಿ ಅಂಚಿನಲ್ಲಿ ಕೂತು, "ಇಲ್ಲಿ. ಇಲ್ಲಿ ಉಬ್ಬೇತಿ. ಮತ್ತ ತುಳಿ" ಎಂದಷ್ಟೇ ಹೇಳುತ್ತಿದ್ದಳು, ಎತ್ತಿಗೆ ಹೇಳಿದ ಹಾಗೆ; ಎತ್ತಿಗಾದರೆ ನಡುನಡುವೆ 'ನನ್ನಪ್ಪಾ' ಅನ್ನುತ್ತಿದ್ದಳು. ಸುಜಾತಾ ಅವನ ಹಿಂದೆಯೇ ಸೆಗಣಿ ಬಳಿಯುತ್ತ ಬಂದಳು.

"ಸುಜಾತಾ" ಎಂದ ಒಮ್ಮೆ.

"ಕಾಲ ತಗೀರಿ, ಬಳೀಬೇಕು" ಎಂದಳು ಅವಳು.

ಐದು ಗಂಟೆಗೆ ಮುಗಿಯಿತು. ಶೇವಂತೆವ್ವ ಎಲ್ಲರಿಗೂ ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿ ಕೊಟ್ಟಳು. ಯಲ್ಲಾಲಿಂಗನಿಗೂ ಕೊಟ್ಟಳು, ಕೈಗೆ ಅಲ್ಲ, ಕಲ್ಲಿನ ಮೇಲೆ ಇಟ್ಟಳು. ಅವನು ತಿಂದ. ಉಪ್ಪು ಹೆಚ್ಚಾಗಿತ್ತು; ಯಾವುದರ ಉಪ್ಪೋ.

ಹೊರಡುವಾಗ ಅವನು ಫಿರೋಜನ ಜೀಪಿನ ಹತ್ತಿರ ಹೋದ. ಫಿರೋಜ ಸೀಟಿನಲ್ಲಿ ಅಡ್ಡ ಕೂತು ಅಂಗಾಲಿಗೆ ಅರಿಷಿಣ ಮೆತ್ತುತ್ತಿದ್ದ. ಹೇಳಬೇಕಾದ ಮಾತು ಒಂದೇ ಇತ್ತು, ಮೂರೇ ಅಕ್ಷರದ್ದು. ಮೂರು ಸಾವಿರ ಕುದುರೆ ಹೂಡಿ ಎಳೆದರೂ ಅದು ಬಾಯಿಗೆ ಬರಲಿಲ್ಲ.

"ಮುಂದ ನೀ ನಡೀಲೇ" ಎಂದ ಕೊನೆಗೆ. "ನಾ ಹಿಂದ ಬರ್ತೇನಿ."

ಫಿರೋಜ ತಲೆ ಎತ್ತಲಿಲ್ಲ. "ನನಗ ದಾರಿ ಗೊತ್ತಿಲ್ಲ" ಎಂದ. "ದಾರಿ ನಿಂದು. ನಡಿ."

ಹಿಂದೆ ಹೋಗಿ ಅವರ ಧೂಳು ಕುಡಿದಿದ್ದರೆ ಎಷ್ಟೋ ನೆಮ್ಮದಿ ಇರುತ್ತಿತ್ತು. ಅದೂ ಸಿಗಲಿಲ್ಲ. ಅವನು ಮುಂದೆಯೇ ಹೋಗಬೇಕಾಯಿತು, ಎರಡು ಗಾಡಿಗಳ ಕಣ್ಣು ಬೆನ್ನಿಗೆ ಅಂಟಿಸಿಕೊಂಡು. ತನ್ನ ಗಾಲಿಯ ಧೂಳು ಹಿಂದಿನವರ ಮೇಲೆ ಬೀಳಬಾರದೆಂದು ಎಷ್ಟು ಮೆಲ್ಲಗೆ ಹೊಡೆದನೆಂದರೆ ಜೋಳದ ದಂಟಿನ ಕಣಿಕೆ ಹೇರಿದ ಒಂದು ಚಕ್ಕಡಿ ಅವರನ್ನು ದಾಟಿ ಹೋಯಿತು. ಚಕ್ಕಡಿಯವನು ಬಗ್ಗಿ, "ಯಾಕ್ರೀ ಸಾವ್ಕಾರ್ರ, ದಾರಿ ತಪ್ಪೇತೇನ್ರೀ?" ಎಂದು ಕೇಳಿದ.

"ಹೌದ್ರಿ" ಎಂದ ಯಲ್ಲಾಲಿಂಗ.